ಸೀಟಿನ ಬೆಲೆ, ಪದವಿಯ ಮೌಲ್ಯ

ಖಾಸಗಿ ವಿಶ್ವವಿದ್ಯಾಲಯ ಹುಟ್ಟುವುದು ರಾಜ್ಯ ಶಾಸನಸಭೆಯ ಕಾಯ್ದೆಯಿಂದ. ಟ್ರಸ್ಟ್ ಅಥವಾ ಸೊಸೈಟಿಯೊಂದು ಜಾಗ, ಕಟ್ಟಡ, ಹಣಕಾಸಿನ ಬಲ ತೋರಿಸಿ ಅರ್ಜಿ ಹಾಕುತ್ತದೆ. ಶಾಸನಸಭೆ ಅದಕ್ಕಾಗಿ ಕಾಯ್ದೆ ಮಾಡುತ್ತದೆ, 1956ರ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕಾಯ್ದೆಯಡಿ ಪದವಿ ಕೊಡುವ ಅಧಿಕಾರ ಸಿಗುತ್ತದೆ. ಡೀಮ್ಡ್ ವಿಶ್ವವಿದ್ಯಾಲಯದ ದಾರಿ ಬೇರೆ. ಯುಜಿಸಿ ಸಲಹೆಯ ಮೇಲೆ ಕೇಂದ್ರ ಸರ್ಕಾರ ಆ ಸ್ಥಾನ ಘೋಷಿಸುತ್ತದೆ. ಮಣಿಪಾಲದ ಮಾಹೆ 1993ರಲ್ಲಿ ಬಂದದ್ದು ಹೀಗೆ. ರಾಜ್ಯದ ಕಾಯ್ದೆಯ ದಾರಿಯಲ್ಲಿ ಕರ್ನಾಟಕಕ್ಕೆ 2010ರಲ್ಲಿ ಅಲಯನ್ಸ್ ಮತ್ತು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಗಳು ಬಂದವು. ಆಮೇಲೆ ಬೆಂಗಳೂರಿನ ಪಿಇಎಸ್, ರೇವಾ, ದಯಾನಂದ ಸಾಗರ್, ಕಲಬುರಗಿಯ ಶರಣಬಸವ ಸಾಲುಗಟ್ಟಿದವು. ಹುಬ್ಬಳ್ಳಿಯ ಹಳೆಯ ಬಿವಿಬಿ ಇಂಜಿನಿಯರಿಂಗ್ ಕಾಲೇಜು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಯಿತು. ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ 1,168 ವಿಶ್ವವಿದ್ಯಾಲಯಗಳಲ್ಲಿ 473 ಅನುದಾನರಹಿತ ಖಾಸಗಿ ಸಂಸ್ಥೆಗಳು.

ವಿದ್ಯಾರ್ಥಿಯ ಮಟ್ಟಿಗೆ ಕಾಲೇಜಿಗೂ ವಿಶ್ವವಿದ್ಯಾಲಯಕ್ಕೂ ಇರುವ ದೊಡ್ಡ ವ್ಯತ್ಯಾಸ ಪರೀಕ್ಷೆಯದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸೇರಿದ, ಸ್ವಾಯತ್ತವಲ್ಲದ ಕಾಲೇಜಿನಲ್ಲಿ ಪಾಠ ಮಾಡುವವರು ಒಬ್ಬರು, ಪ್ರಶ್ನೆಪತ್ರಿಕೆ ಕಳಿಸುವವರು ಇನ್ನೊಬ್ಬರು. ಖಾಸಗಿ ವಿಶ್ವವಿದ್ಯಾಲಯದಲ್ಲಿ ಶುಲ್ಕ ಪಡೆಯುವುದು, ಪಠ್ಯಕ್ರಮ ಬರೆಯುವುದು, ಪಾಠ ಮಾಡುವುದು, ಅಂಕ ಹಾಕುವುದು, ಪದವಿ ಕೊಡುವುದು ಎಲ್ಲವೂ ಒಂದೇ ಸೂರಿನಡಿ. ಇದರಿಂದ ಪಠ್ಯಕ್ರಮ ಬೇಗ ಬದಲಾಗುತ್ತದೆ, ಹೊಸ ವಿಷಯಗಳು ಬೇಗ ತರಗತಿಗೆ ಬರುತ್ತವೆ. ಆದರೆ ಹೊರಗಿನ ಒರೆಗಲ್ಲು ಇಲ್ಲದ ಕಾರಣ ಅಂಕಪಟ್ಟಿಯೊಂದನ್ನೇ ನೋಡಿ ಶಿಕ್ಷಣದ ಗುಣ ಅಳೆಯಲು ಬರುವುದಿಲ್ಲ. ಆ ಅಳತೆಯನ್ನು ವಿದ್ಯಾರ್ಥಿ ಮತ್ತು ಮನೆಯವರು ತಾವೇ ಮಾಡಬೇಕಾಗುತ್ತದೆ. ಅದಕ್ಕೆ ಮೂರು ಲೆಕ್ಕ ಬೇಕು: ಪದವಿ ಮುಗಿಯುವ ಹೊತ್ತಿಗೆ ಒಟ್ಟು ಎಷ್ಟು ಖರ್ಚಾಗುತ್ತದೆ, ಆರಿಸಿಕೊಂಡ ಬ್ರಾಂಚಿನ ಸಾಮಾನ್ಯ ವಿದ್ಯಾರ್ಥಿಗೆ ಏನು ಸಿಗುತ್ತದೆ, ಕೈಗೆಟುಕುವ ಇನ್ನೊಂದು ಸೀಟಿಗೆ ಹೋಲಿಸಿದರೆ ಆ ಫಲ ಎಷ್ಟು ಹೆಚ್ಚು.

ಲಾಭಕ್ಕೆ ಅವಕಾಶವಿಲ್ಲ, ಮಿಗತೆಗೆ ಇದೆ

ಭಾರತದ ಕಾನೂನು ಶಿಕ್ಷಣವನ್ನು ಲಾಭದ ವ್ಯಾಪಾರವಾಗಿ ಒಪ್ಪಿಲ್ಲ. ಈ ವಿಷಯದ ದೊಡ್ಡ ಮೊಕದ್ದಮೆಗಳಲ್ಲಿ ಕೆಲವು ಕರ್ನಾಟಕದಿಂದಲೇ ಹೋದವು. ರಾಜ್ಯದಲ್ಲಿ 1984ರಲ್ಲೇ ಕ್ಯಾಪಿಟೇಷನ್ ಶುಲ್ಕ (ಸೀಟಿಗಾಗಿ ನಿಗದಿತ ಶುಲ್ಕ ಮೀರಿ ಪಡೆಯುವ ಹಣ) ನಿಷೇಧ ಕಾಯ್ದೆ ಬಂದಿತ್ತು. ಅದರಡಿ ಹೊರಟ 1989ರ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸೀಟುಗಳಲ್ಲಿ ಕನ್ನಡನಾಡಿನ ವಿದ್ಯಾರ್ಥಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ಗೊತ್ತುಮಾಡಿತು. ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬರು ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಕ್ಯಾಪಿಟೇಷನ್ ಶುಲ್ಕ ಸಲ್ಲದು ಎಂದಿತು. 2002ರಲ್ಲಿ ಟಿ.ಎಂ.ಎ. ಪೈ ಫೌಂಡೇಷನ್ ಪ್ರಕರಣದ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಇಂದಿಗೂ ನಡೆಯುತ್ತಿರುವ ಸೂತ್ರ ಕೊಟ್ಟಿತು: ಖಾಸಗಿ ಸಂಸ್ಥೆ ತನ್ನ ಶುಲ್ಕ ತಾನು ನಿಗದಿ ಮಾಡಬಹುದು, ಸಂಸ್ಥೆಯ ಬೆಳವಣಿಗೆಗೆ ಬೇಕಾದ ನ್ಯಾಯವಾದ ಮಿಗತೆ ಉಳಿಸಿಕೊಳ್ಳಬಹುದು, ಲಾಭಕೋರತನ ಮತ್ತು ಕ್ಯಾಪಿಟೇಷನ್ ಶುಲ್ಕ ಕೂಡದು. 2005ರ ಇನಾಂದಾರ್ ತೀರ್ಪು ಇದನ್ನೇ ಗಟ್ಟಿಗೊಳಿಸಿತು.

ಕಾಯ್ದೆಯ ಬಲವೇ ಕುಸಿದರೆ ಏನಾಗುತ್ತದೆ ಎಂಬುದಕ್ಕೂ 2005ರಲ್ಲೇ ಉದಾಹರಣೆ ಸಿಕ್ಕಿತು. ಛತ್ತೀಸಗಡ 2002ರ ಕಾಯ್ದೆಯೊಂದರ ಅಡಿ ಬರೀ ಅಧಿಸೂಚನೆಗಳಿಂದ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳನ್ನು ಹುಟ್ಟುಹಾಕಿತ್ತು. ವಿಜ್ಞಾನಿ ಪ್ರೊ. ಯಶ್‌ಪಾಲ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯ ಮೂಲ ಕಲಮುಗಳನ್ನೇ ರದ್ದು ಮಾಡಿತು. ಅಷ್ಟೂ ವಿಶ್ವವಿದ್ಯಾಲಯಗಳು ಅಸ್ತಿತ್ವ ಕಳೆದುಕೊಂಡವು. ಅದಕ್ಕೇ ಯಾವ ಲೆಕ್ಕಕ್ಕೂ ಮುಂಚೆ ಸಂಸ್ಥೆಯ ಹೆಸರು ಯುಜಿಸಿ ಪಟ್ಟಿಯಲ್ಲಿದೆಯೇ, ಆ ಕೋರ್ಸಿಗೆ ಬೇಕಾದ ಅನುಮೋದನೆ ಇದೆಯೇ ಎಂದು ನೋಡಬೇಕು. ಕಾನೂನು ಪದವಿಗೆ ಬಾರ್ ಕೌನ್ಸಿಲ್, ಫಾರ್ಮಸಿಗೆ ಫಾರ್ಮಸಿ ಕೌನ್ಸಿಲ್ ಒಪ್ಪಿಗೆ ಇಲ್ಲದಿದ್ದರೆ ಪದವಿ ಕೈಯಲ್ಲಿದ್ದರೂ ವೃತ್ತಿ ಮಾಡಲಾಗದು.

ಶುಲ್ಕದ ಹಾಳೆಯಲ್ಲಿ ಇರುವುದು, ಇಲ್ಲದ್ದು

ಪ್ರವೇಶದ ದಿನ ಕೈಗೆ ಬರುವ ಹಾಳೆಯಲ್ಲಿ ಎದ್ದು ಕಾಣುವುದು ಮೊದಲ ವರ್ಷದ ಬೋಧನಾ ಶುಲ್ಕ. ಅದರ ಜೊತೆಗೆ ಒಮ್ಮೆ ಮಾತ್ರ ಕಟ್ಟುವ ಪ್ರವೇಶ ಶುಲ್ಕ ಮತ್ತು ಕಾಷನ್ ಡೆಪಾಸಿಟ್, ಪ್ರತಿವರ್ಷದ ಪರೀಕ್ಷೆ, ಲ್ಯಾಬ್ ಮತ್ತು ಪ್ಲೇಸ್‌ಮೆಂಟ್ ತರಬೇತಿಯ ಶುಲ್ಕ, ಹಾಸ್ಟೆಲ್, ಮೆಸ್, ಬಸ್ಸು, ಲ್ಯಾಪ್‌ಟಾಪ್ ಸೇರುತ್ತವೆ. ವಿಷಯ ಉಳಿಸಿಕೊಂಡವರಿಗೆ ಮರುಪರೀಕ್ಷೆಯ ಶುಲ್ಕ ಬೇರೆ. ಒಂದು ಮಾದರಿ ಲೆಕ್ಕ ಹಾಕಬಹುದು. ಬೋಧನಾ ಶುಲ್ಕ ವರ್ಷಕ್ಕೆ 2.5 ಲಕ್ಷ, ಹಾಸ್ಟೆಲ್ ಮತ್ತು ಊಟಕ್ಕೆ 1.2 ಲಕ್ಷ, ಇತರೆ 30 ಸಾವಿರ ಎಂದಿಟ್ಟುಕೊಂಡರೆ ನಾಲ್ಕು ವರ್ಷಕ್ಕೆ 16 ಲಕ್ಷ ರೂಪಾಯಿ. ಬೋಧನಾ ಶುಲ್ಕವೊಂದೇ ವರ್ಷಕ್ಕೆ ಶೇ 8ರಂತೆ ಏರಿದರೆ 10 ಲಕ್ಷ ಇದ್ದದ್ದು 11.27 ಲಕ್ಷಕ್ಕೆ ಹೋಗುತ್ತದೆ. ಆದ್ದರಿಂದ ನಾಲ್ಕೂ ವರ್ಷದ ಶುಲ್ಕ ಬರಹದಲ್ಲಿ ಸಿಗುತ್ತದೆಯೇ, ಏರಿಕೆಗೆ ಮಿತಿ ಇದೆಯೇ ಎಂದು ಮೊದಲೇ ಕೇಳಬೇಕು.

ಸೀಟು ಬಂದ ದಾರಿಯ ಮೇಲೂ ಬೆಲೆ ನಿಂತಿದೆ. ಕರ್ನಾಟಕದ ಖಾಸಗಿ ವಿಶ್ವವಿದ್ಯಾಲಯ ಕಾಯ್ದೆಗಳಡಿ ಶೇ 40ರಷ್ಟು ಸೀಟುಗಳು ರಾಜ್ಯದ ವಿದ್ಯಾರ್ಥಿಗಳಿಗೆ ಮೀಸಲು. ಸಾಮಾನ್ಯ ಪ್ರವೇಶ ಪರೀಕ್ಷೆಯ (ಸಿಇಟಿ) ರ‍್ಯಾಂಕಿನ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಅವನ್ನು ಹಂಚುತ್ತದೆ. ಉಳಿದವು ವಿಶ್ವವಿದ್ಯಾಲಯದ ಸ್ವಂತ ಪ್ರವೇಶ ಪರೀಕ್ಷೆ ಮತ್ತು ಮ್ಯಾನೇಜ್‌ಮೆಂಟ್ ಕೋಟಾಕ್ಕೆ. ಒಂದೇ ಬೆಂಚಿನ ಮೂವರು, ಒಬ್ಬರೇ ಮೇಷ್ಟರ ಪಾಠ ಕೇಳುತ್ತ, ಮೂರು ಬೇರೆ ಬೇರೆ ಬೆಲೆ ತೆತ್ತಿರುತ್ತಾರೆ. ಮೂವರ ಪದವಿಯೂ ಒಂದೇ, ಹೂಡಿಕೆಯ ಫಲ ಮಾತ್ರ ಬೇರೆ. ರಾಜ್ಯದ ಅಭಿವೃದ್ಧಿ ನಿಗಮಗಳು ಕೊಡುವ ಕಡಿಮೆ ಬಡ್ಡಿಯ ‘ಅರಿವು’ ಸಾಲವೂ ಸಿಇಟಿ ಮೂಲಕ ಬಂದವರಿಗೇ ಅನುಕೂಲ. ಸಂಸ್ಥೆಯೇ ಕೊಡುವ ವಿದ್ಯಾರ್ಥಿವೇತನದ ಷರತ್ತನ್ನೂ ಓದಬೇಕು. ಮೊದಲ ವರ್ಷಕ್ಕೆ ಮಾತ್ರವೇ, ಪ್ರತಿವರ್ಷ ಇಂತಿಷ್ಟು ಸಿಜಿಪಿಎ ಉಳಿಸಿಕೊಂಡರಷ್ಟೇ ಮುಂದುವರಿಯುವುದೇ ಎಂಬ ಒಂದು ಸಾಲಿನಲ್ಲಿ ಲಕ್ಷಾಂತರ ರೂಪಾಯಿ ಅಡಗಿರುತ್ತದೆ.

ಮನಸ್ಸು ಬದಲಾದರೆ ಕಟ್ಟಿದ ಹಣ ವಾಪಸಾಗುವುದಕ್ಕೆ ನಿಯಮವಿದೆ. 2018ರ ಯುಜಿಸಿ ಅಧಿಸೂಚನೆಯಂತೆ ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮುಂಚೆ ಸೀಟು ಬಿಟ್ಟರೆ ಶೇ 100, ಅದಕ್ಕಿಂತ ತಡವಾಗಿ ಆದರೆ ಕೊನೆಯ ದಿನದೊಳಗೆ ಬಿಟ್ಟರೆ ಶೇ 90, ಕೊನೆಯ ದಿನದ ನಂತರ 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50 ಮರಳಬೇಕು. ಆಮೇಲೆ ಏನೂ ಇಲ್ಲ. ಪೂರ್ತಿ ಮರಳಿಸುವಾಗಲೂ ಸಂಸ್ಥೆ ಹಿಡಿದುಕೊಳ್ಳಬಹುದಾದ ಪ್ರಕ್ರಿಯಾ ಶುಲ್ಕಕ್ಕೆ 5,000 ರೂಪಾಯಿಯ ಮಿತಿ ಇದೆ. ಮೂಲ ಅಂಕಪಟ್ಟಿ, ಟಿಸಿಗಳನ್ನು ಇಟ್ಟುಕೊಂಡು ಸತಾಯಿಸುವಂತಿಲ್ಲ.

ಸಾಲ ಬೆಳೆಯುವ ಬಗೆ

ಹೆಚ್ಚಿನ ಮನೆಗಳಲ್ಲಿ ಈ ಹಣ ಉಳಿತಾಯದಿಂದ ಬರುವುದಿಲ್ಲ. ಶೈಕ್ಷಣಿಕ ಸಾಲದಿಂದ, ಅಡವಿಟ್ಟ ಒಡವೆಯಿಂದ, ಮಾರಿದ ಸೈಟಿನಿಂದ ಬರುತ್ತದೆ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 7.5 ಲಕ್ಷದವರೆಗೆ ಆಸ್ತಿಯ ಅಡಮಾನ ಬೇಡ. ಅದನ್ನು ಮೀರಿದರೆ ಮನೆಯ ಅಥವಾ ಜಮೀನಿನ ಪತ್ರ ಬೇಕಾಗುತ್ತದೆ. ಕಂತು ಶುರುವಾಗುವುದು ಓದು ಮುಗಿದ ಒಂದು ವರ್ಷಕ್ಕೆ, ತೀರಿಸಲು 15 ವರ್ಷದವರೆಗೆ ಅವಕಾಶ. ಕೇಂದ್ರ ಸಂಪುಟ 2024ರ ನವೆಂಬರಿನಲ್ಲಿ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಅಡಮಾನವಿಲ್ಲದ ಸಾಲ, ವರ್ಷಕ್ಕೆ 8 ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಕಂತು ಶುರುವಾಗುವವರೆಗಿನ ಅವಧಿಗೆ ಶೇ 3ರ ಬಡ್ಡಿ ರಿಯಾಯಿತಿ ಇದೆ. ಆದರೆ ಈ ಸಂಸ್ಥೆಗಳ ಪಟ್ಟಿ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿನ ಮೇಲೆ ಆಯ್ದದ್ದು. ಸೇರಲಿರುವ ಸಂಸ್ಥೆ ಅದರಲ್ಲಿದೆಯೇ ಎಂಬುದೇ ಒಂದು ಪರೀಕ್ಷೆ.

ಓದುವಾಗ ಕಂತು ಇಲ್ಲ ಎಂದರೆ ಬಡ್ಡಿಯೂ ಇಲ್ಲ ಎಂದು ಅನೇಕರು ತಿಳಿಯುತ್ತಾರೆ. ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಪ್ರತಿವರ್ಷದ ಆರಂಭದಲ್ಲಿ 2.5 ಲಕ್ಷದಂತೆ ನಾಲ್ಕು ಕಂತಿನಲ್ಲಿ 10 ಲಕ್ಷ ಸಾಲ ಎತ್ತಿದ್ದಾರೆ, ಬಡ್ಡಿ ಶೇ 10 ಎಂದುಕೊಳ್ಳೋಣ. ಐದು ವರ್ಷದ ಕೊನೆಗೆ ಸರಳ ಬಡ್ಡಿಯೇ 3.5 ಲಕ್ಷವಾಗಿ ಸಾಲ 13.5 ಲಕ್ಷಕ್ಕೆ ನಿಲ್ಲುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 17,840 ರೂಪಾಯಿ. ಒಟ್ಟು ಕಟ್ಟುವುದು 21.4 ಲಕ್ಷ. ಹತ್ತು ಲಕ್ಷದ ಶುಲ್ಕ ಎರಡರಷ್ಟಕ್ಕೂ ಮೀರಿ ಬೆಳೆದಿರುತ್ತದೆ. ಓದಿನ ವರ್ಷಗಳಲ್ಲೇ ಮನೆಯವರು ಬಡ್ಡಿ ಕಟ್ಟುತ್ತ ಬಂದರೆ ಕಂತು 13,215ಕ್ಕೆ ಇಳಿದು ಒಟ್ಟಿನಲ್ಲಿ ಸುಮಾರು 2 ಲಕ್ಷ ಉಳಿಯುತ್ತದೆ. ಹೀಗೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ಬಡ್ಡಿದರವನ್ನೂ ತುಸು ಇಳಿಸುತ್ತವೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಈ ಬಡ್ಡಿಗೆ ಎಂಟು ವರ್ಷ ವಿನಾಯಿತಿ ಇದೆ. ಹೊಸ ಪದ್ಧತಿ ಆರಿಸಿಕೊಂಡವರಿಗೆ ಅದೂ ಇಲ್ಲ.

ಪ್ಲೇಸ್‌ಮೆಂಟ್ ಎಂಬ ಭಿನ್ನರಾಶಿ

ಖರ್ಚಿನ ನಂತರ ಫಲ. ಜಾಹೀರಾತಿನಲ್ಲಿ ಕಾಣುವುದು ಎರಡು ಅಂಕಿ: ಶೇಕಡಾವಾರು ಪ್ಲೇಸ್‌ಮೆಂಟ್ ಮತ್ತು ಅತಿ ದೊಡ್ಡ ಪ್ಯಾಕೇಜ್. ಶೇಕಡಾವಾರು ಒಂದು ಭಿನ್ನರಾಶಿ. ಕೆಲಸ ಸಿಕ್ಕವರು ಅದರ ಅಂಶ, ಒಟ್ಟು ಲೆಕ್ಕಕ್ಕೆ ಹಿಡಿದವರು ಛೇದ. ಅಂಶ ಫಲಕದ ಮೇಲಿರುತ್ತದೆ, ಛೇದ ಎಲ್ಲಿಯೂ ಇರುವುದಿಲ್ಲ. ಒಂದು ಬ್ರಾಂಚಿಗೆ 300 ಮಂದಿ ಸೇರಿದರು. ನಾಲ್ಕು ವರ್ಷದಲ್ಲಿ 240 ಮಂದಿ ಪಾಸಾದರು. ಕಂಪನಿಗಳ ಅಂಕದ ಷರತ್ತು ದಾಟಿ, ಪ್ಲೇಸ್‌ಮೆಂಟ್ ವಿಭಾಗದಲ್ಲಿ ಹೆಸರು ಬರೆಸಿದವರು 180. ಕೆಲಸ ಸಿಕ್ಕಿದ್ದು 162 ಮಂದಿಗೆ. 180ಕ್ಕೆ ಭಾಗಿಸಿದರೆ ಶೇ 90, ಸೇರಿದ 300ಕ್ಕೆ ಭಾಗಿಸಿದರೆ ಶೇ 54. ಎರಡು ಲೆಕ್ಕವೂ ಸರಿಯೇ. ಪ್ರವೇಶದ ಕೌಂಟರಿನ ಮುಂದೆ ನಿಂತ ವಿದ್ಯಾರ್ಥಿ ಮಾತ್ರ 300ರಲ್ಲಿ ಒಬ್ಬ, 180ರಲ್ಲಿ ಅಲ್ಲ. ಒಬ್ಬರಿಗೇ ಎರಡು ಮೂರು ಆಫರ್ ಬಂದಾಗ ಆಫರುಗಳನ್ನು ಎಣಿಸಿದರೆ ಅಂಶವೂ ಉಬ್ಬುತ್ತದೆ.

ಪ್ಯಾಕೇಜಿನಲ್ಲೂ ಹೀಗೆಯೇ. ಹತ್ತು ಮಂದಿಯಲ್ಲಿ ಒಂಬತ್ತು ಜನಕ್ಕೆ 4 ಲಕ್ಷ, ಒಬ್ಬರಿಗೆ 44 ಲಕ್ಷ ಸಿಕ್ಕರೆ ಸರಾಸರಿ 8 ಲಕ್ಷ. ಆ ಹತ್ತು ಮಂದಿಯಲ್ಲಿ 8 ಲಕ್ಷ ಪಡೆದವರು ಒಬ್ಬರೂ ಇಲ್ಲ. ಸಂಬಳಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ನಿಲ್ಲುವ ಅಂಕಿಯೇ ಮಧ್ಯಾಂಕ. ಇಲ್ಲಿ ಅದು 4 ಲಕ್ಷ. ಸಾಮಾನ್ಯ ವಿದ್ಯಾರ್ಥಿಯ ಸ್ಥಿತಿ ತೋರಿಸುವುದು ಅದೇ.

ಮಧ್ಯಾಂಕ ಸಿಗುವ ಜಾಗವೊಂದಿದೆ. ಕೇಂದ್ರ ಶಿಕ್ಷಣ ಇಲಾಖೆಯ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಪ್ರತಿ ಸಂಸ್ಥೆ ತನ್ನ ಅಂಕಿಅಂಶವನ್ನು ಸಾರ್ವಜನಿಕವಾಗಿ ಇಡಬೇಕು. 2016ರಿಂದ ಪ್ರಕಟವಾಗುತ್ತಿರುವ ಈ ರ‍್ಯಾಂಕಿಗಿಂತ ಅದರ ಹಿಂದಿನ ಕೋಷ್ಟಕವೇ ಮನೆಯವರಿಗೆ ಹೆಚ್ಚು ಉಪಯುಕ್ತ. ಅದರ ಒಂದು ಸಾಲನ್ನು ಎಡದಿಂದ ಬಲಕ್ಕೆ ಓದುತ್ತ ಹೋದರೆ ಒಂದು ಬ್ಯಾಚಿನ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ: ಆ ವರ್ಷ ಎಷ್ಟು ಮಂದಿ ಸೇರಿದರು, ಎರಡನೇ ವರ್ಷಕ್ಕೆ ನೇರವಾಗಿ ಎಷ್ಟು ಮಂದಿ ಬಂದರು, ನಿಗದಿತ ಅವಧಿಯಲ್ಲಿ ಎಷ್ಟು ಮಂದಿ ಪದವಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಸಂಬಳದ ಮಧ್ಯಾಂಕ ಎಷ್ಟು, ಉನ್ನತ ಓದಿಗೆ ಎಷ್ಟು ಮಂದಿ ಹೋದರು. ಸೇರಿದವರ ಸಂಖ್ಯೆಯಿಂದ ಕೆಲಸ ಸಿಕ್ಕವರನ್ನೂ ಮುಂದೆ ಓದಲು ಹೋದವರನ್ನೂ ಕಳೆದರೆ ಉಳಿಯುವವರು ಜಾಹೀರಾತಿನಲ್ಲಿ ಎಂದೂ ಕಾಣದವರು. ಮೂರು ವರ್ಷದ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ ಸಂಸ್ಥೆ ಮೇಲೇರುತ್ತಿದೆಯೇ ಇಳಿಯುತ್ತಿದೆಯೇ ಎಂದೂ ತಿಳಿಯುತ್ತದೆ.

ಈ ಕೋಷ್ಟಕಕ್ಕೂ ಮಿತಿಗಳಿವೆ. ಅಂಕಿಗಳನ್ನು ಕೊಡುವುದು ಸಂಸ್ಥೆಯೇ. ಕಂಪ್ಯೂಟರ್ ಸೈನ್ಸ್, ಸಿವಿಲ್, ಮೆಕ್ಯಾನಿಕಲ್ ಎಲ್ಲ ಸೇರಿಸಿ ಒಂದೇ ಮಧ್ಯಾಂಕ ಬರುತ್ತದೆ. ಅದೂ ಕೆಲಸ ಸಿಕ್ಕವರ ಮಧ್ಯಾಂಕ ಮಾತ್ರ. ಹಾಗಾಗಿ ಆರಿಸಲಿರುವ ಬ್ರಾಂಚಿನ ಅಂಕಿಯನ್ನು ಪ್ರತ್ಯೇಕವಾಗಿ ಕೇಳಬೇಕು, ಅದೇ ಬ್ರಾಂಚಿನಲ್ಲಿ ಎರಡು ವರ್ಷದ ಹಿಂದೆ ಪಾಸಾದವರನ್ನು ಮಾತಾಡಿಸಬೇಕು. ಹಿಂದಿನ ವರ್ಷದ ಸುಗ್ಗಿ ಮುಂದಿನ ವರ್ಷಕ್ಕೆ ಖಾತರಿ ಅಲ್ಲ ಎಂಬುದೂ ನೆನಪಿರಬೇಕು. 2021-22ರಲ್ಲಿ ಐಟಿ ಕಂಪನಿಗಳು ಕ್ಯಾಂಪಸ್ಸುಗಳಿಂದ ಸಾಲುಸಾಲಾಗಿ ನೇಮಕ ಮಾಡಿಕೊಂಡವು. 2023-24ರ ಹಣಕಾಸು ವರ್ಷದಲ್ಲಿ ಟಿಸಿಎಸ್ ನೌಕರರ ಒಟ್ಟು ಸಂಖ್ಯೆ 13 ಸಾವಿರಕ್ಕೂ ಹೆಚ್ಚು, ಇನ್ಫೊಸಿಸ್‌ನದು 25 ಸಾವಿರಕ್ಕೂ ಹೆಚ್ಚು ಇಳಿಯಿತು. ಸೀಟು ಆರಿಸುವುದಕ್ಕೂ ಕೆಲಸಕ್ಕೆ ಸೇರುವುದಕ್ಕೂ ನಡುವೆ ನಾಲ್ಕು ವರ್ಷದ ಅಂತರವಿದೆ.

ಪ್ಯಾಕೇಜಿಗೂ ಕೈಗೆ ಬರುವ ಸಂಬಳಕ್ಕೂ ನಡುವೆ

ಆಫರ್ ಪತ್ರದ ಸಿಟಿಸಿ ಎಂದರೆ ನೌಕರನ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು. ವರ್ಷಕ್ಕೆ 6 ಲಕ್ಷದ ಒಂದು ಆಫರನ್ನು ಬಿಡಿಸಿ ನೋಡಬಹುದು. ಮೂಲ ವೇತನ 3 ಲಕ್ಷ ಎಂದರೆ ಕಂಪನಿಯ ಪಾಲಿನ ಭವಿಷ್ಯನಿಧಿ ಶೇ 12ರಂತೆ 36,000. ಕಾಯಂ ನೌಕರಿಯಲ್ಲಿ ಐದು ವರ್ಷ ಪೂರೈಸಿದವರಿಗೆ ಸಿಗುವ ಗ್ರಾಚ್ಯುಟಿಯ ಪಾಲು ಸುಮಾರು 14,400. ಕೆಲಸದ ಮಟ್ಟ ನೋಡಿ ವರ್ಷದ ಕೊನೆಗೆ ಕೊಡುವ ಭಾಗ ಶೇ 10 ಎಂದರೆ 60,000. ಇವಿಷ್ಟೂ ತಿಂಗಳ ಸಂಬಳದಲ್ಲಿ ಬರುವುದಿಲ್ಲ. ನೌಕರನ ಪಾಲಿನ ಭವಿಷ್ಯನಿಧಿ 36,000 ಮತ್ತು ವೃತ್ತಿ ತೆರಿಗೆ ಕಳೆದರೆ ಕೈಗೆ ಬರುವುದು ತಿಂಗಳಿಗೆ ಸುಮಾರು 37,500 ರೂಪಾಯಿ. ಮೇಲೆ ಹೇಳಿದ 17,840 ರೂಪಾಯಿಯ ಕಂತು ಅದರಲ್ಲಿ ಅರ್ಧದ ಹತ್ತಿರ ನುಂಗುತ್ತದೆ. ಉಳಿದದ್ದರಲ್ಲಿ ಬೆಂಗಳೂರಿನ ಪಿ.ಜಿ. ಬಾಡಿಗೆ, ಊಟ, ಓಡಾಟ ಕಳೆದು ಊರಿಗೆ ಕಳಿಸಲು ಏನು ಉಳಿಯುತ್ತದೆ ಎಂಬುದು ಪ್ರತಿ ಮನೆಯೂ ಪ್ರವೇಶಕ್ಕೆ ಮುಂಚೆಯೇ ಕೇಳಬೇಕಾದ ಪ್ರಶ್ನೆ.

ಹೆಚ್ಚುವರಿ ಫಲದ ಅಳತೆ

ಆರ್ಥಿಕ ಮೌಲ್ಯ ತಿಳಿಯುವುದು ಹೋಲಿಕೆಯಲ್ಲಿ. ಮನೆಗೆ ಹತ್ತಿರದ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ಅದೇ ಬ್ರಾಂಚಿನ ಸೀಟು ನಾಲ್ಕು ವರ್ಷಕ್ಕೆ ಒಟ್ಟು 4 ಲಕ್ಷದಲ್ಲಿ ಮುಗಿಯುತ್ತದೆ, ಖಾಸಗಿ ವಿಶ್ವವಿದ್ಯಾಲಯದ್ದು 16 ಲಕ್ಷ ಎಂದುಕೊಂಡರೆ ವ್ಯತ್ಯಾಸ 12 ಲಕ್ಷ, ವರ್ಷಕ್ಕೆ 3 ಲಕ್ಷ. ಈ ಹಣವನ್ನು ಶೇ 7ರ ಠೇವಣಿಯಲ್ಲಿ ಇಟ್ಟಿದ್ದರೆ ನಾಲ್ಕು ವರ್ಷದ ಕೊನೆಗೆ ಸುಮಾರು 14.25 ಲಕ್ಷವಾಗುತ್ತಿತ್ತು. ಅಷ್ಟನ್ನು ಅದೇ ಬಡ್ಡಿದರದಲ್ಲಿ ಹತ್ತು ವರ್ಷದಲ್ಲಿ ಮರಳಿ ಪಡೆಯಲು ವರ್ಷಕ್ಕೆ 2 ಲಕ್ಷ, ಅಂದರೆ ತಿಂಗಳಿಗೆ ಸುಮಾರು 17,000 ರೂಪಾಯಿ ಹೆಚ್ಚುವರಿಯಾಗಿ ಕೈಗೆ ಬರಬೇಕು. ಆ ಹೆಚ್ಚಳ ಮೊದಲ ತಿಂಗಳಿಂದ ಹತ್ತು ವರ್ಷವೂ ನಿಲ್ಲಬೇಕು. ಎರಡೂ ಸಂಸ್ಥೆಗಳಿಗೆ ಒಂದೇ ಕಂಪನಿ ಬಂದು ಒಂದೇ ಸಂಬಳಕ್ಕೆ ಆರಿಸಿಕೊಳ್ಳುವುದಾದರೆ 12 ಲಕ್ಷಕ್ಕೆ ಹಣದ ರೂಪದ ಫಲ ಇಲ್ಲ.

ಒಳ್ಳೆಯ ಸಂಬಳಕ್ಕೆ ಸಂಸ್ಥೆ ಕಾರಣವೋ ವಿದ್ಯಾರ್ಥಿಯ ಸ್ವಂತ ಶಕ್ತಿ ಕಾರಣವೋ ಎಂಬುದು ಅರ್ಥಶಾಸ್ತ್ರದ ಹಳೆಯ ಪ್ರಶ್ನೆ. ಅಮೆರಿಕದ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಜಾಣ್ಮೆಯಿಂದ ಬಿಡಿಸಿತು. ಹೆಸರಾಂತ ಕಾಲೇಜಿಗೆ ಸೇರಿದವರನ್ನು, ಅಂಥದೇ ಕಾಲೇಜುಗಳಲ್ಲಿ ಸೀಟು ಸಿಕ್ಕಿಯೂ ಸಾಧಾರಣ ಕಾಲೇಜು ಆರಿಸಿಕೊಂಡವರ ಜೊತೆ ಅವರು ಹೋಲಿಸಿದರು. ಮುಂದಿನ ಗಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಡ ಕುಟುಂಬಗಳಿಂದ ಬಂದವರಿಗೆ ಮಾತ್ರ ಆಯ್ದ ಕಾಲೇಜಿನಿಂದ ಲಾಭ ಕಂಡಿತು. ಅಮೆರಿಕದ ಅಂಕಿ ಭಾರತಕ್ಕೆ ಹಾಗೇ ಹೊಂದದು. ಆದರೆ ಅದರ ಪಾಠ ಹೊಂದುತ್ತದೆ: ಚುರುಕಾದ ವಿದ್ಯಾರ್ಥಿಗಳನ್ನು ಒಳಗೆ ಸೇರಿಸಿಕೊಂಡು ಚುರುಕಾಗಿಯೇ ಹೊರಗೆ ಕಳಿಸುವುದು ಸಾಧನೆಯಲ್ಲ, ನಾಲ್ಕು ವರ್ಷದಲ್ಲಿ ಸಂಸ್ಥೆ ಏನು ಸೇರಿಸಿತು ಎಂಬುದೇ ಅದರ ಮೌಲ್ಯ.

ಶುಲ್ಕದ ರೂಪಾಯಿ ಹೋಗುವ ಜಾಗ

ಆ ಸೇರ್ಪಡೆ ಆಗುವುದು ತರಗತಿಯಲ್ಲಿ, ಲ್ಯಾಬಿನಲ್ಲಿ. ಎನ್‌ಐಆರ್‌ಎಫ್ ದಾಖಲೆಯಲ್ಲೇ ಬೋಧಕರ ಪಟ್ಟಿ, ಅವರ ಅರ್ಹತೆ ಮತ್ತು ಅನುಭವ, ಸಂಬಳಕ್ಕೆ, ಗ್ರಂಥಾಲಯಕ್ಕೆ, ಲ್ಯಾಬಿನ ಸಲಕರಣೆಗೆ ಸಂಸ್ಥೆ ಮಾಡಿದ ಖರ್ಚು ಇರುತ್ತದೆ. ಸಂಬಳದ ಮೊತ್ತವನ್ನು ವಿದ್ಯಾರ್ಥಿಗಳ ಸಂಖ್ಯೆಯಿಂದ ಭಾಗಿಸಿ ಒಬ್ಬರ ಶುಲ್ಕದ ಪಕ್ಕ ಇಟ್ಟರೆ ಬೋಧನೆಗೆ ಎಷ್ಟು ಪಾಲು ಹೋಗುತ್ತಿದೆ ಎಂಬ ಅಂದಾಜು ಸಿಗುತ್ತದೆ. ಬೋಧಕರು ಎಷ್ಟು ವರ್ಷದಿಂದ ಅಲ್ಲೇ ಇದ್ದಾರೆ ಎಂಬುದು ಇನ್ನೊಂದು ಸುಳಿವು. ಮೇಷ್ಟರು ವರ್ಷಕ್ಕೊಬ್ಬರು ಬದಲಾಗುವ ವಿಭಾಗದಲ್ಲಿ ಪಾಠ ಬೇರೂರುವುದಿಲ್ಲ.

ಹೊರಗಿನವರು ಗುಣಮಟ್ಟ ಪರಿಶೀಲಿಸಿ ಕೊಡುವ ಮಾನ್ಯತೆಗಳೂ ಇವೆ. ನ್ಯಾಕ್ ಶ್ರೇಣಿ ಇಡೀ ಸಂಸ್ಥೆಗೆ ಸಿಗುವಂಥದು. ಇಂಜಿನಿಯರಿಂಗ್‌ನಲ್ಲಿ ಎನ್‌ಬಿಎ ಮಾನ್ಯತೆ ಒಂದೊಂದು ಬ್ರಾಂಚಿಗೆ ಪ್ರತ್ಯೇಕವಾಗಿ ಸಿಗುತ್ತದೆ. ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರಲ್ಲಿ ಭಾರತ ಕಾಯಂ ಸದಸ್ಯನಾದ ಮೇಲೆ, ಹೊರದೇಶದಲ್ಲಿ ಓದು ಅಥವಾ ಕೆಲಸ ಹುಡುಕುವವರಿಗೆ ಎನ್‌ಬಿಎ ಮಾನ್ಯತೆಯ ಬೆಲೆ ಹೆಚ್ಚಿದೆ. ಆದರೆ ಶ್ರೇಣಿಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. 2025ರ ಫೆಬ್ರವರಿಯಲ್ಲಿ ಒಳ್ಳೆಯ ಶ್ರೇಣಿಗಾಗಿ ಲಂಚ ಪಡೆದ ಆರೋಪದ ಮೇಲೆ ನ್ಯಾಕ್ ಪರಿಶೀಲನಾ ತಂಡವೊಂದರ ಸದಸ್ಯರನ್ನೇ ಸಿಬಿಐ ಬಂಧಿಸಿತು.

ಹಣದಲ್ಲಿ ಅಳೆಯಲಾಗದ್ದು

ಪದವಿಯ ಫಲ ಸಂಬಳಕ್ಕೇ ಮುಗಿಯುವುದಿಲ್ಲ. ಮನೆಯಿಂದ ಮೊದಲ ಬಾರಿಗೆ ಪದವಿಗೆ ಬಂದ ಹುಡುಗಿಗೆ ಸುರಕ್ಷಿತವಾದ ಹಾಸ್ಟೆಲ್, ರಾತ್ರಿ ತೆರೆದಿರುವ ಗ್ರಂಥಾಲಯ, ಇಂಗ್ಲಿಷಿನಲ್ಲಿ ಅಳುಕದೆ ಮಾತಾಡುವ ರೂಢಿ, ಬೇರೆ ಬೇರೆ ಊರಿನ ಗೆಳತಿಯರು ಇವೆಲ್ಲ ನಿಜವಾದ ಗಳಿಕೆ. ಸಮಾಜವಿಜ್ಞಾನ, ಶಿಕ್ಷಣ, ಕಲೆಯಂಥ ವಿಷಯಗಳಲ್ಲಿ ಮೊದಲ ಸಂಬಳ ಕಡಿಮೆಯಿದ್ದರೂ ಬದುಕಿನ ದಾರಿ ಉದ್ದವಾಗಿರುತ್ತದೆ. ಇವುಗಳಿಗಾಗಿ ಹೆಚ್ಚು ಹಣ ಕೊಡುವುದು ತಪ್ಪಲ್ಲ. ಆದರೆ ಎಷ್ಟು ಹಣವನ್ನು ಇವುಗಳಿಗಾಗಿ ಕೊಡುತ್ತಿದ್ದೇವೆ ಎಂಬುದು ಮನೆಯವರಿಗೆ ಗೊತ್ತಿರಬೇಕು, ಆ ಹೊರೆ ಹೊರುವ ಶಕ್ತಿ ಇರಬೇಕು. ಮನೆಗೆ ಇರುವ ಒಂದೇ ಜಮೀನನ್ನು ಅಡವಿಟ್ಟು ಇವನ್ನು ಕೊಳ್ಳುವಂತಾಗಬಾರದು.

ಇಷ್ಟೆಲ್ಲ ಲೆಕ್ಕವನ್ನು ಕುಟುಂಬಗಳು ಒಂಟಿಯಾಗಿ, ಕೌನ್ಸೆಲಿಂಗಿನ ನಾಲ್ಕಾರು ದಿನಗಳ ಗಡಿಬಿಡಿಯಲ್ಲಿ ಮಾಡಬೇಕಾಗಿ ಬಂದಿರುವುದು ವ್ಯವಸ್ಥೆಯ ಕೊರತೆ. ಶಾಸನಸಭೆ ಕಾಯ್ದೆ ಮಾಡಿ ಪದವಿಯ ಅಧಿಕಾರ ಕೊಟ್ಟ ಮೇಲೆ, ಆ ಪದವಿಯ ಫಲವೇನೆಂದು ಕೇಳುವ ಹೊಣೆಯೂ ಅದರದೇ. ಪ್ರತಿ ಬ್ರಾಂಚಿಗೆ ಸೇರಿದವರು ಎಷ್ಟು, ಮುಗಿಸಿದವರು ಎಷ್ಟು, ಕೆಲಸಕ್ಕೆ ನಿಜವಾಗಿ ಸೇರಿದವರು ಎಷ್ಟು, ಅವರ ಸಂಬಳದ ಮಧ್ಯಾಂಕ ಎಷ್ಟು, ಪೂರ್ತಿ ಕೋರ್ಸಿನ ಶುಲ್ಕ ಎಷ್ಟು ಎಂಬ ಐದು ಅಂಕಿಗಳು ಲೆಕ್ಕಪರಿಶೋಧಕರ ಸಹಿಯೊಡನೆ ಪ್ರವೇಶಕ್ಕೆ ಮುಂಚೆಯೇ ಒಂದೇ ಹಾಳೆಯಲ್ಲಿ ಸಿಗಬೇಕು. ಸರ್ಕಾರ ಅದನ್ನು ಕಡ್ಡಾಯ ಮಾಡುವವರೆಗೆ ಆ ಐದನ್ನೂ ಬರಹದಲ್ಲಿ ಕೇಳಿ ಪಡೆಯುವ ಹಕ್ಕು ಶುಲ್ಕ ಕಟ್ಟುವವರದು. ಅವನ್ನು ಕೊಡಲು ಹಿಂಜರಿಯದ ಸಂಸ್ಥೆಗೆ ಮೊದಲ ಕಂತು ಕಟ್ಟುವುದು ಸುರಕ್ಷಿತ.